ಆರ್‌ನಲ್ಲಿ ಟೇಬಲ್ ಪಳಗಿಸುವುದು: ಎರರ್ ಬಾರದೆಯೇ ತಪ್ಪುವ ಲೆಕ್ಕಗಳು

ಅಂಕಿಅಂಶದ ಲೆಕ್ಕಕ್ಕೆ ಬಳಸುವ ‘ಆರ್’ (R) ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಕೂತವರನ್ನು ಮೊದಮೊದಲು ಹೆದರಿಸುವುದು ಕೆಂಪಕ್ಷರದ ಎರರ್. ನಿಜ ಹೇಳಬೇಕೆಂದರೆ ಎರರ್ ಬಂದರೆ ಒಳ್ಳೆಯದೇ. ಕೆಲಸ ಅಲ್ಲೇ ನಿಲ್ಲುತ್ತದೆ, ತಿದ್ದಿಕೊಂಡು ಮುಂದೆ ಹೋಗುತ್ತೇವೆ. ಕಾಡುವುದು ಬೇರೆಯೇ: ಎರರೂ ಇಲ್ಲ, ವಾರ್ನಿಂಗೂ ಇಲ್ಲ, ಅಚ್ಚುಕಟ್ಟಾದ ಒಂದು ಸಂಖ್ಯೆಯನ್ನು ಕೈಗಿಟ್ಟು ಸುಮ್ಮನಾಗುವ ಕೋಡ್. ಟೇಬಲ್ ಕೆಲಸದಲ್ಲಿ ಇಂಥವೇ ಹೆಚ್ಚು. ಎರಡು ಟೇಬಲ್‌ಗಳನ್ನು ಹಿಡಿದು, ಒಂದೊಂದೇ ಹಂತ ದಾಟುತ್ತಾ, ಎಲ್ಲೆಲ್ಲಿ ಲೆಕ್ಕ ಸದ್ದಿಲ್ಲದೆ ಜಾರುತ್ತದೆ ಎಂದು ನೋಡೋಣ. ಒಂದು ಆರ್‌ನೊಳಗೇ ಬರುವ ನ್ಯೂಯಾರ್ಕ್‌ನ ಗಾಳಿಯ ದಾಖಲೆ, ಇನ್ನೊಂದು ಕರ್ನಾಟಕದ ಜಿಲ್ಲಾವಾರು ಜನಗಣತಿ.

ಫಂಕ್ಷನ್‌ಗಳ, ಅಂದರೆ ಒಂದೊಂದು ಕೆಲಸ ಮಾಡಿಕೊಡುವ ಆಜ್ಞೆಗಳ, ಹೆಸರನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲೇ ಬರೆದಿದೆ. ಕನ್ಸೋಲ್‌ನಲ್ಲಿ (ಆರ್‌ಗೆ ಆಜ್ಞೆ ಬರೆಯುವ ಕಿಟಕಿಯಲ್ಲಿ) ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ದೊಡ್ಡಕ್ಷರ ಸಣ್ಣಕ್ಷರ ನೋಡಿಕೊಂಡು ಟೈಪ್ ಮಾಡಬೇಕು. ದೊಡ್ಡ ‘ಟಿ’ಯ ‘ಟೆಂಪ್’ ಮತ್ತು ಸಣ್ಣ ‘ಟಿ’ಯ ‘ಟೆಂಪ್’ ಆರ್ ಪಾಲಿಗೆ ಬೇರೆ ಬೇರೆ.

ಸ್ವಂತ ಡೇಟಾ ಇಟ್ಟುಕೊಂಡು ಕಲಿಯಲು ಹೊರಡುವುದು ಬೇಡ. ಅಲ್ಲಿ ಉತ್ತರ ಎಷ್ಟು ಬರಬೇಕೆಂಬುದೇ ಗೊತ್ತಿರುವುದಿಲ್ಲ, ಹಾಗಾಗಿ ತಪ್ಪಿದ್ದೂ ಗೊತ್ತಾಗುವುದಿಲ್ಲ. ‘ಏರ್‌ಕ್ವಾಲಿಟಿ’ ಎಂಬ ಟೇಬಲ್ ಆರ್ ಜೊತೆಗೇ ಬರುತ್ತದೆ, ಇನ್‌ಸ್ಟಾಲ್ ಮಾಡುವುದೇನೂ ಇಲ್ಲ. 1973ರ ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ನ್ಯೂಯಾರ್ಕ್‌ನಲ್ಲಿ ದಿನಕ್ಕೊಂದು ಸಾಲಿನಂತೆ ಬರೆದಿಟ್ಟ ಅಳತೆಗಳು ಅದರಲ್ಲಿವೆ. ಓಝೋನ್, ಬಿಸಿಲು, ಗಾಳಿಯ ವೇಗ, ದಿನದ ಗರಿಷ್ಠ ಉಷ್ಣಾಂಶ (‘ಟೆಂಪ್’), ತಿಂಗಳು (‘ಮಂತ್’), ದಿನ ಎಂದು ಆರು ಕಾಲಂ. ‘ಡಿಮ್’ ಕೊಟ್ಟರೆ 153, 6 ಎಂದು ಬರುತ್ತದೆ. ಮೇ 31, ಜೂನ್ 30, ಜುಲೈ 31, ಆಗಸ್ಟ್ 31, ಸೆಪ್ಟೆಂಬರ್ 30 ಕೂಡಿಸಿ ನೋಡಿ, 153 ಸರಿ. ಈ ಚಿಕ್ಕ ಕೂಡುವ ಲೆಕ್ಕವನ್ನು ಪ್ರತಿ ಟೇಬಲ್‌ಗೂ ಮೊದಲೇ ಮಾಡಿಕೊಳ್ಳಬೇಕು: ಒಂದು ಸಾಲು ಅಂದರೆ ಏನು, ಅಂಥವು ಎಷ್ಟಿರಬೇಕು. ಮುಂದಿನ ಪ್ರತಿ ಹಂತದ ಕೊನೆಗೂ ‘ಎನ್‌ರೋ’ ಕೊಟ್ಟು ಸಾಲೆಷ್ಟು ಉಳಿದವು ಎಂದು ನೋಡುವುದು ರೂಢಿಯಾಗಬೇಕು.

‘ಎಸ್‌ಟಿಆರ್’ ಕೊಟ್ಟರೆ ಯಾವ ಕಾಲಂ ಸಂಖ್ಯೆ, ಯಾವುದು ಅಕ್ಷರ ಎಂದು ಗೊತ್ತಾಗುತ್ತದೆ. ‘ಸಮರಿ’ ಕೊಟ್ಟರೆ ಓಝೋನ್ ಕಾಲಂನಲ್ಲಿ 37, ಬಿಸಿಲಿನ ಕಾಲಂನಲ್ಲಿ 7 ‘ಎನ್‌ಎ’ ಇವೆ ಎಂದು ತೋರಿಸುತ್ತದೆ. ಎನ್‌ಎ ಅಂದರೆ ಅಳತೆ ಸಿಕ್ಕಿಲ್ಲ ಎಂದು. ಅದು ಸೊನ್ನೆಯೂ ಅಲ್ಲ, ಖಾಲಿ ಅಕ್ಷರವೂ ಅಲ್ಲ. ‘ಕಂಪ್ಲೀಟ್.ಕೇಸಸ್’ ಬಳಸಿ ಎಲ್ಲ ಕಾಲಂ ತುಂಬಿರುವ ಸಾಲುಗಳನ್ನು ಎಣಿಸಿದರೆ 111. ಉಳಿದವು 42. ಆದರೆ 37 ಮತ್ತು 7 ಕೂಡಿದರೆ 44 ಆಗಬೇಕಲ್ಲ? ಎರಡು ದಿನ ಎರಡೂ ಅಳತೆ ತಪ್ಪಿವೆ, ಅವು ಎರಡೆರಡು ಸಲ ಎಣಿಕೆಗೆ ಬಂದಿವೆ. ಇಷ್ಟನ್ನು ಕಾಗದದ ಮೇಲೆ ಹೊಂದಿಸಿಕೊಂಡ ಮೇಲೆಯೇ ಮುಂದಿನ ಕೆಲಸ.

ಓಝೋನ್ ಸರಾಸರಿ ಕೇಳಿದರೆ ಆರ್ ಬರೀ ಎನ್‌ಎ ಎನ್ನುತ್ತದೆ. ಹೊಸಬರಿಗೆ ಇದು ಕಿರಿಕಿರಿ, ಆದರೆ ಆರ್ ಇಲ್ಲಿ ಪ್ರಾಮಾಣಿಕವಾಗಿದೆ: 37 ದಿನ ಗೊತ್ತಿಲ್ಲದಿದ್ದರೆ 153 ದಿನದ ಸರಾಸರಿ ಹೇಗೆ ಹೇಳುವುದು? ‘ಎನ್‌ಎ.ಆರ್‌ಎಂ = ಟ್ರೂ’ ಸೇರಿಸಿದರೆ 42.13 ಸಿಗುತ್ತದೆ. ಈಗ ನೀವು ಕೇಳಿದ್ದು ಅಳತೆ ಸಿಕ್ಕ 116 ದಿನಗಳ ಸರಾಸರಿಯನ್ನು. ಪ್ರಶ್ನೆಯೇ ಬದಲಾಗಿದೆ. ಈ ಆಯ್ಕೆಯನ್ನು ಕಣ್ಣುಮುಚ್ಚಿ ಎಲ್ಲ ಕಡೆ ಹಾಕುತ್ತಾ ಹೋಗುವ ಚಟ ಒಂದು ಕಡೆ ಚೆನ್ನಾಗಿಯೇ ಹೊಡೆತ ಕೊಡುತ್ತದೆ. ಒಂದು ಮಳೆಮಾಪನ ಕೇಂದ್ರದಲ್ಲಿ ಇಡೀ ತಿಂಗಳು ಅಳತೆಯೇ ಆಗಿಲ್ಲ ಎನ್ನಿ. ಎಲ್ಲವೂ ಎನ್‌ಎ. ಅದರ ‘ಮೀನ್’ ಕೇಳಿದರೆ ‘ಎನ್‌ಎಎನ್’ (ಸಂಖ್ಯೆಯೇ ಅಲ್ಲ) ಎಂದು ಬಂದು ಅನುಮಾನ ಹುಟ್ಟಿಸುತ್ತದೆ, ‘ಮ್ಯಾಕ್ಸ್’ ಕೇಳಿದರೆ ಮೈನಸ್ ಇನ್ಫಿನಿಟಿ ಜೊತೆ ವಾರ್ನಿಂಗ್ ಬರುತ್ತದೆ. ‘ಸಮ್’ ಕೇಳಿದರೆ ಮಾತ್ರ ಸೊನ್ನೆ. ಅಳತೆ ಮಾಡದ ತಿಂಗಳು ಮಳೆಯೇ ಬೀಳದ ತಿಂಗಳಾಗಿ ವರದಿಗೆ ಹೋಗುತ್ತದೆ.

ಬಿಟ್ಟುಹೋದ ಅಳತೆಗಳನ್ನು ಹುಡುಕಲು ‘ಓಝೋನ್ == ಎನ್‌ಎ’ ಎಂದು ಬರೆಯುವುದು ಸಹಜ. ಅದಕ್ಕೆ 153 ಎನ್‌ಎಗಳೇ ಉತ್ತರ. ಗೊತ್ತಿಲ್ಲದ್ದು ಗೊತ್ತಿಲ್ಲದ್ದಕ್ಕೆ ಸಮವೇ ಎಂದರೆ ಗೊತ್ತಿಲ್ಲ ಎಂದೇ ಹೇಳಬೇಕು. ಅದಕ್ಕಾಗಿ ‘ಈಸ್.ಎನ್‌ಎ’ ಎಂಬ ಬೇರೆ ಫಂಕ್ಷನ್ ಇದೆ.

ಇನ್ನು ಚೌಕ ಬ್ರಾಕೆಟ್. ಒಳಗೆ ಅಲ್ಪವಿರಾಮದ ಎಡಕ್ಕೆ ಸಾಲು, ಬಲಕ್ಕೆ ಕಾಲಂ. ಅಲ್ಪವಿರಾಮ ಮರೆತರೆ ಆರ್ ಅದನ್ನು ಕಾಲಂ ಎಂದೇ ತಿಳಿಯುತ್ತದೆ. ಹತ್ತು ಸಾಲು ಬೇಕೆಂದು ‘ಏರ್‌ಕ್ವಾಲಿಟಿ[1:10]’ ಎಂದರೆ ಆರೇ ಕಾಲಂ ಇರುವುದರಿಂದ ಎರರ್, ಬದುಕಿದಿರಿ. ‘[1:5]’ ಎಂದರೆ ಎರರ್ ಇಲ್ಲ, ಐದು ಕಾಲಂಗಳು 153 ಸಾಲಿನ ಸಮೇತ ಬರುತ್ತವೆ. ಇನ್ನೊಂದು: ಬಲಗಡೆ ಒಂದೇ ಕಾಲಂ ಕೇಳಿದರೆ ಹಳೆಯ ಡೇಟಾ ಫ್ರೇಮ್ (ಆರ್‌ನ ಮಾಮೂಲಿ ಟೇಬಲ್) ತನ್ನ ಟೇಬಲ್ ರೂಪ ಬಿಟ್ಟು ಬರೀ ಸಂಖ್ಯೆಗಳ ಸಾಲಾಗಿಬಿಡುತ್ತದೆ. ಟೇಬಲ್ ಆಗಿಯೇ ಉಳಿಯಬೇಕಾದರೆ ‘ಡ್ರಾಪ್ = ಫಾಲ್ಸ್’ ಬೇಕು. ಕಾಲಂ ಪಟ್ಟಿ ಒಮ್ಮೆ ಎರಡು, ಒಮ್ಮೆ ಒಂದು ಆಗುವಂಥ ಸ್ಕ್ರಿಪ್ಟ್‌ಗಳು ಮಧ್ಯದಲ್ಲೇ ಮುರಿಯುವುದು ಸಾಮಾನ್ಯವಾಗಿ ಇದೇ ಕಾರಣಕ್ಕೆ.

ಓಝೋನ್ ನೂರಕ್ಕಿಂತ ಹೆಚ್ಚಿದ್ದ ದಿನಗಳು ಎಷ್ಟು? ಬ್ರಾಕೆಟ್‌ನ ಎಡಗಡೆ ‘ಏರ್‌ಕ್ವಾಲಿಟಿ$ಓಝೋನ್ > 100’ ಎಂದು ಬರೆದು ಸಾಲು ಎಣಿಸಿದರೆ 44. ನಿಜವಾದ ಉತ್ತರ 7. ಟೇಬಲ್‌ನ 30, 62, 86, 99, 101, 117, 121ನೇ ಸಾಲುಗಳು ಮಾತ್ರ ನೂರು ದಾಟಿವೆ, ಅತಿ ಹೆಚ್ಚು ಆಗಸ್ಟ್ 25ರ 168. ಮಿಕ್ಕ 37 ಎಲ್ಲಿಂದ ಬಂದವು? ಓಝೋನ್ ಗೊತ್ತಿಲ್ಲದ ದಿನಕ್ಕೆ ‘ನೂರಕ್ಕಿಂತ ಹೆಚ್ಚೇ’ ಎಂಬ ಪ್ರಶ್ನೆಗೂ ಉತ್ತರ ಎನ್‌ಎ. ಅಂಥ ಪ್ರತಿ ಉತ್ತರಕ್ಕೂ ಬ್ರಾಕೆಟ್ ಒಂದೊಂದು ಪೂರ್ತಿ ಎನ್‌ಎ ತುಂಬಿದ ಸಾಲನ್ನು ಕೊಡುತ್ತದೆ, ತಿಂಗಳು ಮತ್ತು ದಿನದ ಕಾಲಂ ಕೂಡ ಅಳಿಸಿ. ‘ವಿಚ್’ ಒಳಗೆ ಷರತ್ತು ಹಾಕಿದರೆ, ಇಲ್ಲವೇ ‘ಸಬ್‌ಸೆಟ್’ ಬಳಸಿದರೆ 7 ಬರುತ್ತದೆ. ಡಿಪ್ಲೈಆರ್ ಎಂಬ ಪ್ಯಾಕೇಜಿನ (ಆರ್‌ಗೆ ಬೇರೆಯಾಗಿ ಸೇರಿಸಿಕೊಳ್ಳುವ ಫಂಕ್ಷನ್‌ಗಳ ಕಟ್ಟಿನ) ‘ಫಿಲ್ಟರ್’ ಕೂಡ 7 ಕೊಡುತ್ತದೆ. ಹಾಗೆಂದು ಫಿಲ್ಟರ್ ಪೂರ್ತಿ ನಿರಪಾಯಕಾರಿಯಲ್ಲ. ‘100ಕ್ಕಿಂತ ಹೆಚ್ಚು’ ಒಂದು ಟೇಬಲ್, ‘100 ಅಥವಾ ಕಡಿಮೆ’ ಇನ್ನೊಂದು ಟೇಬಲ್ ಎಂದು ಒಡೆದರೆ 7 ಮತ್ತು 109, ಕೂಡಿದರೆ 116. ಮೂವತ್ತೇಳು ದಿನ ಎರಡರಲ್ಲೂ ಇಲ್ಲ.

ಡಿಪ್ಲೈಆರ್ ಬಗ್ಗೆ ಇಲ್ಲೇ ಎರಡು ಮಾತು. ಆರ್ ಹುಟ್ಟಿದ್ದು ನ್ಯೂಜಿಲೆಂಡ್‌ನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ, ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್ ಕೈಯಲ್ಲಿ, 1.0.0 ಆವೃತ್ತಿ ಬಂದದ್ದು 2000ದಲ್ಲಿ. ಹ್ಯಾಡ್ಲಿ ವಿಕಮ್ ಡಿಪ್ಲೈಆರ್ ಹೊರತಂದದ್ದು 2014ರಲ್ಲಿ. ಹಾಗಾಗಿ ಒಂದೇ ಕೆಲಸಕ್ಕೆ ಎರಡು ಧಾಟಿಯ ಕೋಡ್ ಎಲ್ಲೆಡೆ ಸಿಗುತ್ತದೆ, ಕಲಿಯುವವರು ಗೊಂದಲಕ್ಕೆ ಬೀಳುತ್ತಾರೆ. ಯಾವುದು ಮೇಲು ಎಂಬ ಜಗಳದಲ್ಲಿ ಹುರುಳಿಲ್ಲ. ಬ್ರಾಕೆಟ್ ಓದಲು ಬರಬೇಕು, ದಿನದ ಕೆಲಸ ಡಿಪ್ಲೈಆರ್‌ನಲ್ಲಿ ಮಾಡಬೇಕು ಎಂಬುದು ನಮ್ಮ ಅಭಿಪ್ರಾಯ. ಪ್ಯಾಕೇಜನ್ನು ‘ಲೈಬ್ರರಿ’ ಕೊಟ್ಟು ತೆರೆದಾಗ ಫಿಲ್ಟರ್ ಮತ್ತು ಲ್ಯಾಗ್ ಎಂಬ ಹಳೆಯ ಫಂಕ್ಷನ್‌ಗಳನ್ನು ಮರೆಮಾಡಿದ್ದೇನೆ ಎಂಬ ಸಂದೇಶ ಬರುತ್ತದೆ. ಅದು ಎರರ್ ಅಲ್ಲ. ಆದರೆ ಲೈಬ್ರರಿ ಕೊಡುವುದನ್ನೇ ಮರೆತು ಫಿಲ್ಟರ್ ಕರೆದರೆ ಆ ಹಳೆಯ ಫಿಲ್ಟರ್ ಎದ್ದು ಬಂದು ‘ಮಂತ್ ಎಂಬ ಆಬ್ಜೆಕ್ಟ್ ಸಿಗಲಿಲ್ಲ’ ಎಂಬರ್ಥದ ಎರರ್ ಕೊಡುತ್ತದೆ. ಕಾಲಂ ಹೆಸರು ಸರಿಯಾಗಿಯೇ ಇದೆಯಲ್ಲ ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಸ್ಕ್ರಿಪ್ಟ್‌ನ ಮೊದಲ ಸಾಲು ನೋಡಿ.

ಹಂತಗಳನ್ನು ಒಂದರ ಹಿಂದೊಂದು ಜೋಡಿಸಲು ಪೈಪ್ ಬೇಕು. 2021ರ ಆರ್ 4.1.0ದಿಂದ ‘|>’ ಭಾಷೆಯಲ್ಲೇ ಇದೆ, ಹಳೆಯ ಕೋಡ್‌ನಲ್ಲಿ ‘%>%’ ಕಾಣುತ್ತದೆ. ಯಾವುದನ್ನು ಬಳಸಿದರೂ ಫಲಿತಾಂಶವನ್ನು ‘<-’ ಹಾಕಿ ಒಂದು ಹೆಸರಿಗೆ ಕಟ್ಟದಿದ್ದರೆ ಅದು ಪರದೆ ಮೇಲೆ ಕಂಡು ಮಾಯವಾಗುತ್ತದೆ. ಫ್ಯಾರನ್‌ಹೀಟ್ ಉಷ್ಣಾಂಶವನ್ನು ಸೆಲ್ಸಿಯಸ್‌ಗೆ ಇಳಿಸಲು ‘ಮ್ಯೂಟೇಟ್’ ಒಳಗೆ 32 ಕಳೆದು, 5ರಿಂದ ಗುಣಿಸಿ 9ರಿಂದ ಭಾಗಿಸಿದರೆ ಹೊಸ ಕಾಲಂ ಬರುತ್ತದೆ; ಗರಿಷ್ಠ 97 ಇದ್ದದ್ದು 36.1 ಆಗುತ್ತದೆ. ಹೆಸರಿಗೆ ಕಟ್ಟದಿದ್ದರೆ ಮುಂದಿನ ಸಾಲಿನಲ್ಲಿ ಆ ಕಾಲಂ ಇಲ್ಲ. ಹೊಸ ಲೆಕ್ಕಕ್ಕೆ ಹೊಸ ಹೆಸರನ್ನೇ ಕೊಡಿ. ಹಲವು ಸಾಲುಗಳನ್ನು ಒಂದೇ ಸಂಖ್ಯೆಗೆ ಇಳಿಸುವ ‘ಸಮರೈಸ್’ ಒಳಗೆ ಮೊದಲು ‘ಟೆಂಪ್ = ಮೀನ್(ಟೆಂಪ್)’ ಎಂದು, ಅದರ ಪಕ್ಕದಲ್ಲೇ ಟೆಂಪ್‌ನ ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಶನ್) ಕೇಳಿದರೆ, ಎಸ್‌ಡಿಗೆ ಸಿಗುವುದು ಆಗಲೇ ಒಂದೇ ಸಂಖ್ಯೆಯಾಗಿ ಕುಗ್ಗಿದ ಟೆಂಪ್. ಉತ್ತರ ಎನ್‌ಎ.

ತಿಂಗಳವಾರು ಸರಾಸರಿ ತೆಗೆಯುವ ಹಂತದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಹಳೆಯ ಧಾಟಿಯಲ್ಲಿ ‘ಅಗ್ರಿಗೇಟ್’ ಎಂಬ ಫಂಕ್ಷನ್‌ಗೆ ಫಾರ್ಮುಲಾ (ಯಾವ ಕಾಲಂ, ಯಾವುದರ ಪ್ರಕಾರ ಎಂದು ಹೇಳುವ ಬರಹ) ಕೊಟ್ಟು ಓಝೋನ್ ಮತ್ತು ಟೆಂಪ್ ಎರಡರ ಸರಾಸರಿಯನ್ನೂ ಒಟ್ಟಿಗೆ ಕೇಳಬಹುದು. ಮೇ ತಿಂಗಳಿಗೆ ಓಝೋನ್ 23.62, ಟೆಂಪ್ 66.73 ಎಂದು ಬರುತ್ತದೆ. ಈಗ ಟೆಂಪ್ ಒಂದನ್ನೇ ಕೇಳಿ: 65.55. ಟೆಂಪ್ ಕಾಲಂನಲ್ಲಿ ಒಂದೂ ಎನ್‌ಎ ಇಲ್ಲ, ಡೇಟಾ ಬದಲಾಗಿಲ್ಲ, ತಿಂಗಳು ಅದೇ. ಆದರೂ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ. ಫಾರ್ಮುಲಾ ರೂಪದ ಅಗ್ರಿಗೇಟ್ ತಾನಾಗಿಯೇ, ಕೇಳಿದ ಕಾಲಂಗಳಲ್ಲಿ ಒಂದರಲ್ಲಾದರೂ ಎನ್‌ಎ ಇರುವ ಸಾಲನ್ನು ಪೂರ್ತಿ ಎಸೆದು ಆಮೇಲೆ ಲೆಕ್ಕ ಮಾಡುತ್ತದೆ. ಮೇ ತಿಂಗಳಲ್ಲಿ ಓಝೋನ್ ಅಳತೆ ಇಲ್ಲದ್ದು 5, 10, 25, 26, 27ನೇ ತಾರೀಕು. ಆ ದಿನಗಳ ಉಷ್ಣಾಂಶ ಕ್ರಮವಾಗಿ 56, 69, 57, 58, 57. ಐದರಲ್ಲಿ ನಾಲ್ಕು ತಿಂಗಳ ಸರಾಸರಿಗಿಂತ ಬಹಳ ತಣ್ಣನೆಯ ದಿನಗಳು. ಅವು ಹೋದ ಮೇಲೆ ಮೇ ತಿಂಗಳು ಬೆಚ್ಚಗಾಯಿತು. ಜೂನ್‌ನಲ್ಲಿ ಉಲ್ಟಾ: 79.10 ಇದ್ದದ್ದು 78.22ಕ್ಕೆ ಇಳಿಯುತ್ತದೆ. ಎಸೆಯಬೇಡ ಎನ್ನಲು ‘ಎನ್‌ಎ.ಆಕ್ಷನ್ = ಎನ್‌ಎ.ಪಾಸ್’ ಎಂದೂ, ಜೊತೆಗೆ ಮೀನ್‌ಗೆ ‘ಎನ್‌ಎ.ಆರ್‌ಎಂ = ಟ್ರೂ’ ಎಂದೂ ಎರಡನ್ನೂ ಕೊಡಬೇಕು.

ಡಿಪ್ಲೈಆರ್‌ನಲ್ಲಿ ಇದೇ ಕೆಲಸಕ್ಕೆ ‘ಗ್ರೂಪ್_ಬೈ’ ಮತ್ತು ‘ಸಮರೈಸ್’. ಪ್ರತಿ ಕಾಲಂ ತನ್ನ ಎನ್‌ಎಗಳನ್ನು ತಾನೇ ನೋಡಿಕೊಳ್ಳುವುದರಿಂದ ಮೇಲಿನ ತೊಂದರೆ ಇಲ್ಲ. ಆದರೂ ಸರಾಸರಿಯ ಪಕ್ಕದಲ್ಲಿ ಯಾವಾಗಲೂ ಎರಡು ಎಣಿಕೆ ಇಡಿ: ‘ಎನ್()’ ಅಂದರೆ ಒಟ್ಟು ಸಾಲು, ‘ಸಮ್(!ಈಸ್.ಎನ್‌ಎ(ಓಝೋನ್))’ ಅಂದರೆ ಅಳತೆ ಇರುವ ಸಾಲು. ಏರ್‌ಕ್ವಾಲಿಟಿಯಲ್ಲಿ ಮೇ 26, ಜೂನ್ 9, ಜುಲೈ 26, ಆಗಸ್ಟ್ 26, ಸೆಪ್ಟೆಂಬರ್ 29 ಎಂದು ಬರುತ್ತದೆ. ಜೂನ್‌ನ 29.44 ಎಂಬ ಸರಾಸರಿ ಮೂವತ್ತರಲ್ಲಿ ಒಂಬತ್ತೇ ದಿನದ್ದು. ಗ್ರಾಫ್‌ನಲ್ಲಿ ಐದು ಕಂಬಗಳೂ ಒಂದೇ ದಪ್ಪಕ್ಕೆ ನಿಂತರೆ ಇದು ಯಾರಿಗೂ ತಿಳಿಯುವುದಿಲ್ಲ.

ಗ್ರೂಪ್_ಬೈ ಮಾಡಿದ ಟೇಬಲ್ ನೋಡಲು ಮಾಮೂಲಿನಂತೆಯೇ ಇದ್ದರೂ ಗುಂಪಿನ ನೆನಪನ್ನು ಹೊತ್ತುಕೊಂಡೇ ಇರುತ್ತದೆ. ಜಿಲ್ಲೆ, ತಾಲ್ಲೂಕು ಎಂಬಂಥ ಎರಡು ಕಾಲಂ ಮೇಲೆ ಗುಂಪು ಮಾಡಿ ಸಮರೈಸ್ ಕೊಟ್ಟರೆ ಕೊನೆಯ ಗುಂಪು ಬಿಡುತ್ತದೆ, ಮೊದಲನೆಯದು ಉಳಿಯುತ್ತದೆ. ಆಮೇಲೆ ಶೇಕಡಾವಾರು ಲೆಕ್ಕ ಹಾಕಿದರೆ ರಾಜ್ಯದ ಒಟ್ಟಿಗೆ ಬದಲು ಜಿಲ್ಲೆಯ ಒಟ್ಟಿಗೆ ಭಾಗಿಸಿರುತ್ತದೆ. ಕಾಲಂ ಕೂಡಿಸಿದಾಗ 100 ಬಾರದೆ, 30 ಜಿಲ್ಲೆಗೆ ನೂರರಂತೆ 3000 ಬಂದರೆ ಕಾರಣ ಇದೇ. ‘ಅನ್‌ಗ್ರೂಪ್’ ಕೊಡುವುದು ಒಂದು ದಾರಿ. 2023ರ ಡಿಪ್ಲೈಆರ್ 1.1.0ದಿಂದ ‘.ಬೈ’ ಎಂಬ ಆಯ್ಕೆ ಬಂದಿದೆ, ಆ ಒಂದು ಹಂತಕ್ಕಷ್ಟೇ ಗುಂಪು ಮಾಡಿ ಬಿಟ್ಟುಬಿಡುತ್ತದೆ. ಹೊಸದಾಗಿ ಕಲಿಯುವವರು ನೇರವಾಗಿ ಅದನ್ನೇ ರೂಢಿಸಿಕೊಳ್ಳಬಹುದು.

ಇಷ್ಟು ಕೈಗೆ ಹತ್ತಿದ ಮೇಲೆ ಸ್ವಂತ ಫೈಲ್. ವಿಂಡೋಸ್‌ನಲ್ಲಿ ಫೈಲ್ ದಾರಿಯನ್ನು ಹಾಗೇ ಕಾಪಿ ಮಾಡಿ ಹಾಕಿದರೆ, ‘ಸಿ’ ಡ್ರೈವಿನ ‘ಯೂಸರ್ಸ್’ ಫೋಲ್ಡರಿನ ಹತ್ತಿರವೇ ಎರರ್ ಬರುತ್ತದೆ. ಬ್ಯಾಕ್‌ಸ್ಲ್ಯಾಶ್ ಪಕ್ಕದ ದೊಡ್ಡ ‘ಯು’ವನ್ನು ಆರ್ ಯೂನಿಕೋಡ್ ಸಂಕೇತ ಎಂದುಕೊಳ್ಳುತ್ತದೆ. ಮುಂದಕ್ಕೆ ವಾಲಿದ ಸ್ಲ್ಯಾಶ್ ಹಾಕಿ, ಇಲ್ಲವೇ ಬ್ಯಾಕ್‌ಸ್ಲ್ಯಾಶ್ ಎರಡೆರಡು ಹಾಕಿ.

ಸರ್ಕಾರಿ ಎಕ್ಸೆಲ್ ಹಾಳೆಗಳು ಓದುವ ಕಣ್ಣಿಗಾಗಿ ಮಾಡಿದವು, ಲೆಕ್ಕಕ್ಕಲ್ಲ. ಮೇಲೆ ಎರಡು ಮೂರು ಸಾಲು ಶೀರ್ಷಿಕೆ ಇರುತ್ತದೆ, ಓದುವಾಗ ಅವನ್ನು ದಾಟಲು ‘ಸ್ಕಿಪ್’. ಜಿಲ್ಲೆಯ ಹೆಸರು ವಿಲೀನ ಮಾಡಿದ ಸೆಲ್‌ನಲ್ಲಿದ್ದರೆ ಮೊದಲ ತಾಲ್ಲೂಕಿನ ಸಾಲಿಗೆ ಮಾತ್ರ ಹೆಸರು ಬಂದು ಉಳಿದವು ಖಾಲಿ ಬರುತ್ತವೆ, ಆ ಖಾಲಿಯನ್ನು ಎನ್‌ಎ ಮಾಡಿಕೊಂಡು ಮೇಲಿನ ಹೆಸರು ತುಂಬಲು ಟೈಡಿಆರ್ ಪ್ಯಾಕೇಜಿನ ‘ಫಿಲ್’. ಮಾಹಿತಿ ಇಲ್ಲದ ಕಡೆ ಗೆರೆ ಎಳೆದಿರುತ್ತಾರೆ, ‘ಎನ್‌ಎ.ಸ್ಟ್ರಿಂಗ್ಸ್’ನಲ್ಲಿ ಆ ಗೆರೆಯನ್ನೂ ಸೇರಿಸದಿದ್ದರೆ ಇಡೀ ಕಾಲಂ ಅಕ್ಷರವಾಗಿ ಕೂರುತ್ತದೆ. 6,10,95,297 ಎಂದು ನಮ್ಮ ಕ್ರಮದಲ್ಲಿ ಅಲ್ಪವಿರಾಮ ಹಾಕಿದ ಸಂಖ್ಯೆಯೂ ಅಕ್ಷರವೇ. ‘ಆ್ಯಸ್.ನ್ಯೂಮರಿಕ್’ ಅದನ್ನು ಎನ್‌ಎ ಮಾಡುತ್ತದೆ, ಮೊದಲು ‘ಜಿಸಬ್’ ಬಳಸಿ ಅಲ್ಪವಿರಾಮ ತೆಗೆಯಬೇಕು. ಸೊನ್ನೆಯಿಂದ ಶುರುವಾಗುವ ಗ್ರಾಮ, ತಾಲ್ಲೂಕು ಸಂಕೇತಗಳನ್ನು ಓದುವಾಗಲೇ ‘ಕೋಲ್‌ಕ್ಲಾಸಸ್’ ಕೊಟ್ಟು ಅಕ್ಷರ ಎಂದು ಹೇಳಿ, ಇಲ್ಲದಿದ್ದರೆ ಮುಂದಿನ ಸೊನ್ನೆ ಉದುರುತ್ತದೆ. ಹಳೆಯ ಪಾಠಗಳಲ್ಲಿ ‘ಸ್ಟ್ರಿಂಗ್ಸ್ಆ್ಯಸ್‌ಫ್ಯಾಕ್ಟರ್ಸ್ = ಫಾಲ್ಸ್’ ಎಂದು ಪದೇ ಪದೇ ಕಾಣುತ್ತದೆ, ಅಂದರೆ ಅಕ್ಷರಗಳನ್ನು ಫ್ಯಾಕ್ಟರ್ (ಒಳಗೆ ಕ್ರಮಸಂಖ್ಯೆ ಹೊತ್ತ ವರ್ಗದ ಹೆಸರು) ಮಾಡಬೇಡ ಎಂದು. 2020ರ ಆರ್ 4.0.0ದಿಂದ ಅದೇ ಸಹಜ ಆಯ್ಕೆ, ಬರೆಯುವ ಅಗತ್ಯವಿಲ್ಲ. ಆದರೆ ಫ್ಯಾಕ್ಟರ್ ಆಗಿರುವ ಸಂಖ್ಯೆ ಕೈಗೆ ಸಿಕ್ಕರೆ ಎಚ್ಚರ: ಅಕ್ಷರವಾಗಿ ಬಂದ 10, 20, 5 ಎಂಬ ಫ್ಯಾಕ್ಟರನ್ನು ನೇರವಾಗಿ ಆ್ಯಸ್.ನ್ಯೂಮರಿಕ್ ಮಾಡಿದರೆ 1, 2, 3 ಬರುತ್ತದೆ. ನಡುವೆ ‘ಆ್ಯಸ್.ಕ್ಯಾರೆಕ್ಟರ್’ ಬೇಕು.

ತಾರೀಕಿನ ವಿಷಯ ಚಿಕ್ಕದು, ಆದರೆ ಎಲ್ಲರೂ ಎಡವುವ ಜಾಗ. ನಾವು 03-04-2023 ಎಂದು ಬರೆಯುವುದು ಏಪ್ರಿಲ್ 3. ರೂಪ ಹೇಳದೆ ‘ಆ್ಯಸ್.ಡೇಟ್’ ಕೊಟ್ಟರೆ ಕ್ರಿಸ್ತಶಕ 3ನೇ ಇಸವಿಯ ಏಪ್ರಿಲ್ 20 ಬರುತ್ತದೆ, ಎರರ್ ಇಲ್ಲದೆ. ‘%ಡಿ-%ಎಂ-%ವೈ’ ಎಂದು ರೂಪ ಕೊಡಬೇಕು, ಮತ್ತು ವೈ ದೊಡ್ಡಕ್ಷರವಾಗಿರಬೇಕು. ಸಣ್ಣ ವೈ ಎರಡೇ ಅಂಕಿ ಓದುವುದರಿಂದ 2023ರಲ್ಲಿನ ‘20’ ಹಿಡಿದು 2020 ಎನ್ನುತ್ತದೆ. ಇದು ನಂಬುವಂತಿರುವ ತಪ್ಪಾದ್ದರಿಂದ ಮೊದಲಿನದಕ್ಕಿಂತ ಅಪಾಯ. ಎಕ್ಸೆಲ್‌ನಿಂದ 45000ದಂಥ ಸಂಖ್ಯೆ ಬಂದರೆ ಅದೂ ತಾರೀಕೇ. ‘ಆರಿಜಿನ್’ 1899-12-30 ಎಂದು ಕೊಟ್ಟರೆ 2023ರ ಮಾರ್ಚ್ 15 ಸಿಗುತ್ತದೆ.

ಈಗ ಜನಗಣತಿ. 2011ರ ಕರ್ನಾಟಕದ ಟೇಬಲ್ ಓದಿ ಸಾಲು ಎಣಿಸಿದರೆ 31 ಬಂತು ಎನ್ನಿ. ಜಿಲ್ಲೆ 31 ತಾನೇ ಎಂದು ಸಮಾಧಾನ ಪಟ್ಟರೆ ಕೆಟ್ಟಿರಿ. 2011ರಲ್ಲಿ ಇದ್ದದ್ದು 30, ವಿಜಯನಗರ ಜಿಲ್ಲೆಯಾದದ್ದು 2021ರಲ್ಲಿ. ಮೂವತ್ತೊಂದನೆಯದು ‘ರಾಜ್ಯ ಒಟ್ಟು’ ಎಂಬ ಸಾಲು. ಅದನ್ನು ತೆಗೆಯದೆ ಜನಸಂಖ್ಯೆ ಕೂಡಿದರೆ 12,21,90,594, ಅಂದರೆ 6,10,95,297ರ ಎರಡರಷ್ಟು.

ಇಸವಿಗಳು ಒಂದೊಂದು ಕಾಲಂ ಆಗಿ ಅಡ್ಡಕ್ಕಿದ್ದರೆ ‘ಪಿವಟ್_ಲಾಂಗರ್’ ಬಳಸಿ ಉದ್ದಕ್ಕೆ ತಿರುಗಿಸಬೇಕು: 30 ಜಿಲ್ಲೆ, 2 ಇಸವಿ, 60 ಸಾಲು. ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಪಠ್ಯ) ಫೈಲ್ ಓದುವ ‘ರೀಡ್.ಸಿಎಸ್‌ವಿ’, ಕಾಲಂ ಹೆಸರು ಅಂಕಿಯಿಂದ ಶುರುವಾದರೆ ಮುಂದೆ ಒಂದು ‘ಎಕ್ಸ್’ ಅಂಟಿಸಿರುತ್ತದೆ, ‘ನೇಮ್ಸ್_ಪ್ರಿಫಿಕ್ಸ್’ ಕೊಟ್ಟು ಅದನ್ನು ಕಳಚಿ. ಬಂದ ಇಸವಿ ಅಕ್ಷರರೂಪದಲ್ಲಿರುತ್ತದೆ, ಪೂರ್ಣಾಂಕ ಮಾಡಿಕೊಳ್ಳಿ. ಆಮೇಲೆ ಬೆಳವಣಿಗೆ ಲೆಕ್ಕಕ್ಕೆ ‘ಲ್ಯಾಗ್’ (ಹಿಂದಿನ ಸಾಲಿನ ಸಂಖ್ಯೆ ತರುವ ಫಂಕ್ಷನ್) ಬಳಸುವಾಗ ಜಿಲ್ಲೆಯ ಮೇಲೆ ಗುಂಪು ಮಾಡಿ, ಇಸವಿಯಂತೆ ಜೋಡಿಸಿರಬೇಕು. ಗುಂಪು ಮರೆತರೆ ಕೊಡಗಿನ 2001ರ ಸಂಖ್ಯೆ ಪಟ್ಟಿಯಲ್ಲಿ ಅದರ ಮೇಲಿರುವ ಜಿಲ್ಲೆಯ 2011ರ ಸಂಖ್ಯೆಯೊಂದಿಗೆ ಹೋಲಿಕೆಯಾಗುತ್ತದೆ.

ಎರಡು ಟೇಬಲ್ ಸೇರಿಸುವುದೇ, ಅಂದರೆ ಜಾಯಿನ್, ಎಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನುವುದು. 2011ರ ಟೇಬಲ್‌ಗೆ ಇತ್ತೀಚಿನ ಯಾವುದೋ ಇಲಾಖೆಯ ಟೇಬಲನ್ನು ಇಂಗ್ಲಿಷ್ ಹೆಸರಿನ ಮೇಲೆ ‘ಲೆಫ್ಟ್_ಜಾಯಿನ್’ (ಮೊದಲ ಟೇಬಲ್‌ನ ಸಾಲೆಲ್ಲ ಉಳಿಸಿಕೊಂಡು ಸೇರಿಸುವುದು) ಮಾಡಿದರೆ ಕನಿಷ್ಠ 10 ಜಿಲ್ಲೆ ಖಾಲಿ ಬರುತ್ತವೆ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ, ವಿಜಯಪುರ, ಬಳ್ಳಾರಿ, ಶಿವಮೊಗ್ಗ, ತುಮಕೂರು, ಚಿಕ್ಕಮಗಳೂರುಗಳ ಇಂಗ್ಲಿಷ್ ಹೆಸರು ಬದಲಾಯಿತು; ಬೆಂಗಳೂರಿನದು ನಗರ, ಗ್ರಾಮಾಂತರ ಎಂದು ಎರಡು ಜಿಲ್ಲೆ. ಅದರ ಮೇಲೆ ದಾವಣಗೆರೆ, ಬಾಗಲಕೋಟೆಗಳಿಗೆ ಇಂಗ್ಲಿಷ್‌ನಲ್ಲಿ ಒಂದಕ್ಕಿಂತ ಹೆಚ್ಚು ಕಾಗುಣಿತ. ಜಾಯಿನ್ ಮಾಡುವ ಮೊದಲು ‘ಆಂಟಿ_ಜಾಯಿನ್’ ಕೊಟ್ಟು ಈ ಕಡೆಯಿಂದ ಒಮ್ಮೆ, ಆ ಕಡೆಯಿಂದ ಒಮ್ಮೆ, ಜೋಡಿ ಸಿಗದ ಹೆಸರುಗಳನ್ನು ತೆಗೆಯಿರಿ. ಹಳೆ ಹೆಸರು, ಹೊಸ ಹೆಸರು ಎಂದು ಎರಡು ಕಾಲಂನ ಚಿಕ್ಕ ಟೇಬಲ್ ಮಾಡಿಟ್ಟುಕೊಂಡರೆ ಮುಂದಿನ ಎಲ್ಲ ಕೆಲಸಕ್ಕೂ ಬರುತ್ತದೆ. ಜನಗಣತಿಯ ಜಿಲ್ಲಾ ಸಂಕೇತ ಎರಡೂ ಕಡೆ ಇದ್ದರೆ ಹೆಸರಿನ ಗೊಡವೆಯೇ ಬೇಡ.

ಹೆಸರು ಹೊಂದದಿದ್ದರೆ ಎನ್‌ಎ ಬಂದು ಗೊತ್ತಾಗುತ್ತದೆ. ಹೆಸರು ಹೊಂದಿಯೂ ಲೆಕ್ಕ ಕೆಡುವುದು ಕೋಲಾರದಲ್ಲಿ. 2001ರ ಗಣತಿಯ ಟೇಬಲ್‌ನಲ್ಲಿ 27 ಜಿಲ್ಲೆ, ಕೋಲಾರ 25,36,069. 2011ರಲ್ಲಿ ಕೋಲಾರ 15,36,401. ಎರಡೂ ಕಡೆ ಒಂದೇ ಹೆಸರು, ಜಾಯಿನ್ ಸರಾಗ, ಬೆಳವಣಿಗೆ ಮೈನಸ್ 39.4 ಶೇಕಡಾ. ಹತ್ತು ವರ್ಷದಲ್ಲಿ ಹತ್ತು ಲಕ್ಷ ಜನ ಎಲ್ಲೂ ಗುಳೆ ಹೋಗಿಲ್ಲ, ಚಿಕ್ಕಬಳ್ಳಾಪುರ 2007ರಲ್ಲಿ ಬೇರೆ ಜಿಲ್ಲೆಯಾಯಿತು. ಅದರ 12,55,104 ಸೇರಿಸಿ ಹಳೆಯ ಕೋಲಾರದ ಗಡಿಗೆ ಹೋಲಿಸಿದರೆ ಬೆಳವಣಿಗೆ ಸುಮಾರು ಶೇ. 10.1. ಇಲ್ಲವೇ 2011ರ ಗಣತಿಯವರೇ ಹೊಸ ಗಡಿಗೆ ಹೊಂದಿಸಿ ಕೊಟ್ಟ 2001ರ ಸಂಖ್ಯೆ ಬಳಸಬೇಕು: ಕೋಲಾರ 13,87,062, ಬೆಳವಣಿಗೆ ಶೇ. 10.77. ರಾಮನಗರ ಒಡೆದ ಬೆಂಗಳೂರು ಗ್ರಾಮಾಂತರ, ಯಾದಗಿರಿ ಒಡೆದ ಗುಲ್ಬರ್ಗ ಕೂಡ ಇದೇ ಗತಿ. ಇಂಥದ್ದನ್ನು ಯಾವ ಫಂಕ್ಷನ್ನೂ ಹಿಡಿಯುವುದಿಲ್ಲ. ಜಾಯಿನ್ ಆದ ಮೇಲೆ ಬೆಳವಣಿಗೆಯನ್ನು ಏರಿಕೆ ಕ್ರಮದಲ್ಲಿ ಜೋಡಿಸಿ ಮೇಲಿನ ಐದು, ಕೆಳಗಿನ ಐದು ಸಾಲು ಓದಿದರೆ ಮಾತ್ರ ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಬಗೆ, ಸಾಲು ಹೆಚ್ಚುವುದು. ಹೊಸಹಳ್ಳಿ ಎಂಬ ಊರು ಕರ್ನಾಟಕದಲ್ಲಿ ಎಷ್ಟೋ ಇವೆ. ಊರ ಹೆಸರೊಂದರ ಮೇಲೆಯೇ ಜಾಯಿನ್ ಮಾಡಿದರೆ, ಎರಡೂ ಟೇಬಲ್‌ನಲ್ಲಿ ನಾಲ್ಕು ನಾಲ್ಕು ಹೊಸಹಳ್ಳಿ ಇದ್ದಾಗ ಹದಿನಾರು ಸಾಲು ಹುಟ್ಟುತ್ತವೆ. ಹಳೆಯ ‘ಮರ್ಜ್’ ಇದನ್ನು ಮಾತಾಡದೆ ಮಾಡಿಕೊಡುತ್ತದೆ, ಜೊತೆಗೆ ಜೋಡಿ ಸಿಗದ ಸಾಲುಗಳನ್ನು ಬೀಳಿಸಿ, ಕ್ರಮವನ್ನೂ ಬದಲಿಸುತ್ತದೆ. ಡಿಪ್ಲೈಆರ್ 1.1.0 ವಾರ್ನಿಂಗ್ ಕೊಡುತ್ತದೆ. ‘ರಿಲೇಶನ್‌ಶಿಪ್ = ಒನ್-ಟು-ಒನ್’ ಎಂದು ಬರೆದುಬಿಟ್ಟರೆ ವಾರ್ನಿಂಗ್ ಅಲ್ಲ, ಎರರೇ ಬಂದು ಕೆಲಸ ನಿಲ್ಲುತ್ತದೆ. ಅದನ್ನೇ ಬರೆಯಿರಿ. ಊರಿನ ಜೊತೆ ತಾಲ್ಲೂಕು, ಜಿಲ್ಲೆ ಮೂರನ್ನೂ ಕೀಲಿಯಾಗಿ ಕೊಡಿ.

ಕನ್ನಡದಲ್ಲೇ ಹೆಸರಿರುವ ಟೇಬಲ್‌ಗಳದು ಬೇರೆ ತರಲೆ. 2022ರ ಆರ್ 4.2.0ಕ್ಕಿಂತ ಹಿಂದೆ ವಿಂಡೋಸ್‌ನಲ್ಲಿ ಕನ್ನಡದ ಬದಲು ಕೋನ ಬ್ರಾಕೆಟ್‌ನೊಳಗಿನ ಸಂಕೇತಗಳು ಕಾಣುತ್ತಿದ್ದವು. ಆ ಆವೃತ್ತಿಯಿಂದ ಯುಟಿಎಫ್-8 (ಎಲ್ಲ ಲಿಪಿಗಳ ಯೂನಿಕೋಡ್ ಅಕ್ಷರಗಳನ್ನು ಫೈಲ್‌ನಲ್ಲಿಡುವ ಕ್ರಮ) ಸಹಜವಾಗಿದೆ. ಹಳೆಯ ಆರ್ ಇದ್ದರೆ ಮೊದಲು ಅದನ್ನು ಬದಲಿಸಿ. ಎಕ್ಸೆಲ್‌ನಿಂದ ಉಳಿಸುವಾಗ ಬರೀ ಸಿಎಸ್‌ವಿ ಅಲ್ಲ, ‘ಸಿಎಸ್‌ವಿ ಯುಟಿಎಫ್-8’ ಆರಿಸಿ. ಹಾಗೆ ಉಳಿಸಿದಾಗ ಮೊದಲ ಕಾಲಂ ಹೆಸರಿನ ಮುಂದೆ ವಿಚಿತ್ರ ಅಕ್ಷರ ಅಂಟಿದರೆ ‘ಫೈಲ್‌ಎನ್‌ಕೋಡಿಂಗ್ = ಯುಟಿಎಫ್-8-ಬಿಒಎಂ’ ಕೊಡಿ. ನುಡಿ, ಬರಹದ ಹಳೆಯ ಆಸ್ಕಿ ಫಾಂಟ್‌ನಲ್ಲಿರುವ ಹಾಳೆಯಾದರೆ ಒಳಗಿರುವುದು ಕನ್ನಡವೇ ಅಲ್ಲ, ಲ್ಯಾಟಿನ್ ಅಕ್ಷರಗಳು. ಯೂನಿಕೋಡ್‌ಗೆ ಪರಿವರ್ತಿಸಿಕೊಂಡೇ ತರಬೇಕು.

ಯೂನಿಕೋಡ್ ಆದ ಮೇಲೂ ‘ಕೋಲಾರ’ ಮತ್ತು ‘ಕೋಲಾರ’ ಒಂದಕ್ಕೊಂದು ಸಮವಲ್ಲ ಎಂದು ಆರ್ ಹಠ ಹಿಡಿಯಬಹುದು. ‘ಎನ್‌ಚಾರ್’ ಕೊಟ್ಟು ಎಣಿಸಿ. ಒಂದರಲ್ಲಿ 5, ಇನ್ನೊಂದರಲ್ಲಿ 7. ಮೊದಲನೆಯದರಲ್ಲಿ ಓತ್ವದ ದೀರ್ಘ ಒಂದೇ ಸಂಕೇತ. ಎರಡನೆಯದರಲ್ಲಿ ಏತ್ವ, ಊತ್ವ, ದೀರ್ಘ ಎಂದು ಮೂರು ಬಿಡಿ ಸಂಕೇತಗಳು ಸೇರಿ ಅದೇ ಆಕಾರ ಬಂದಿದೆ. ಸ್ಟ್ರಿಂಗಿ ಪ್ಯಾಕೇಜಿನ ‘ಎಸ್‌ಟಿಆರ್‌ಐ_ಟ್ರಾನ್ಸ್_ಎನ್‌ಎಫ್‌ಸಿ’ ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ. ‘ಬೀದರ್’ನಂಥ ಹೆಸರಿನ ಕೊನೆಗೆ ಅರ್ಧಾಕ್ಷರ ಬಿಡಿಸಲು ಒತ್ತಿದ, ಕಣ್ಣಿಗೆ ಕಾಣದ ‘ನಾನ್-ಜಾಯಿನರ್’ ಸಂಕೇತ ಉಳಿದಿದ್ದರೆ ಅದನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ, ‘ಟ್ರಿಮ್‌ಡಬ್ಲ್ಯುಎಸ್’ ಕೂಡ ತೆಗೆಯುವುದಿಲ್ಲ. ಆ ಸಂಕೇತವನ್ನೇ ಹೆಸರಿಸಿ ಜಿಸಬ್ ಮಾಡಬೇಕು. ಕನ್ನಡ ಅಂಕಿಯಲ್ಲಿರುವ ೨೦೧೧ ಸಂಖ್ಯೆಯಾಗುವುದಿಲ್ಲ, ಎನ್‌ಎ ಆಗುತ್ತದೆ. ‘ಚಾರ್‌ಟಿಆರ್’ ಬಳಸಿ ೦ಯಿಂದ ೯ರವರೆಗಿನ ಹತ್ತನ್ನೂ ಒಂದೇ ಏಟಿಗೆ ಬದಲಿಸಬಹುದು. ಕಾಲಂ ಹೆಸರನ್ನು ಕನ್ನಡದಲ್ಲಿಟ್ಟರೆ ಕೋಡ್‌ನಲ್ಲಿ ಅದರ ಸುತ್ತ ಬ್ಯಾಕ್‌ಟಿಕ್ ಹಾಕಿ, ತಂಟೆಯಿಲ್ಲ.

ಸಾಲುಗಳು ಹಲವು ಲಕ್ಷ ದಾಟಿದಾಗ ಡೇಟಾ.ಟೇಬಲ್ ಪ್ಯಾಕೇಜಿನ ‘ಎಫ್‌ರೀಡ್’ ಹಿಡಿಯಿರಿ, ವೇಗ ಬೇರೆಯೇ ಮಟ್ಟದ್ದು. ಒಂದೇ ಎಚ್ಚರಿಕೆ: ಅದರ ‘:=’ ಟೇಬಲನ್ನು ಇದ್ದ ಜಾಗದಲ್ಲೇ ತಿದ್ದುತ್ತದೆ. ‘ಬಿ <- ಎ’ ಎಂದು ನಕಲು ಮಾಡಿಕೊಂಡೆ ಎಂದುಕೊಂಡು ಬಿಯನ್ನು ತಿದ್ದಿದರೆ ಎಯೂ ತಿದ್ದುಪಡಿಯಾಗಿರುತ್ತದೆ. ನಿಜವಾದ ನಕಲಿಗೆ ‘ಕಾಪಿ’ ಫಂಕ್ಷನ್ ಬೇಕು.

ಕೊನೆಗೆ ಹೊರಗೆ ಬರೆಯುವುದು. ‘ರೈಟ್.ಸಿಎಸ್‌ವಿ’ ಮಾಡುವಾಗ ‘ರೋ.ನೇಮ್ಸ್ = ಫಾಲ್ಸ್’ ಕೊಡದಿದ್ದರೆ ಮುಂದಿನ ಸಲ ಓದಿದಾಗ ‘ಎಕ್ಸ್’ ಎಂಬ ಬೇಡದ ಕಾಲಂ ಸೇರಿರುತ್ತದೆ. ಕನ್ನಡ ಇರುವ ಫೈಲನ್ನು ಎಕ್ಸೆಲ್‌ನಲ್ಲಿ ತೆರೆಯುವವರಿಗೆ ಕೊಡುವುದಾದರೆ ರೀಡ್‌ಆರ್ ಪ್ಯಾಕೇಜಿನ ‘ರೈಟ್_ಎಕ್ಸೆಲ್_ಸಿಎಸ್‌ವಿ’ ಬಳಸಿ, ಇಲ್ಲದಿದ್ದರೆ ಅಕ್ಷರಗಳು ಕಲಸಿಹೋದವು ಎಂದು ಫೋನ್ ಬರುತ್ತದೆ. ನಿಮಗೇ ಮುಂದಿನ ಹಂತಕ್ಕೆ ಬೇಕಾದರೆ ‘ಸೇವ್‌ಆರ್‌ಡಿಎಸ್’ ಒಳ್ಳೆಯದು: ತಾರೀಕು ತಾರೀಕಾಗಿ, ಸಂಕೇತ ಅಕ್ಷರವಾಗಿ ಉಳಿಯುತ್ತದೆ. ಸಿಎಸ್‌ವಿಯನ್ನು ಯಾರಾದರೂ ನಡುವೆ ಎಕ್ಸೆಲ್‌ನಲ್ಲಿ ತೆರೆದು ಸೇವ್ ಒತ್ತಿದರೆ, ಇಷ್ಟು ಜತನ ಮಾಡಿ ಉಳಿಸಿದ ತಾಲ್ಲೂಕು ಸಂಕೇತಗಳ ಮುಂದಿನ ಸೊನ್ನೆ ಮತ್ತೆ ಉದುರಿರುತ್ತದೆ. ಹಾಗಾಗಿ ಮೂಲ ಫೈಲನ್ನು ಬೇರೆ ಫೋಲ್ಡರ್‌ನಲ್ಲಿ ಓದಲು ಮಾತ್ರ ಎಂದು ಗುರುತು ಹಾಕಿ ಇಡಿ, ತಿದ್ದುಪಡಿಯೆಲ್ಲ ಸ್ಕ್ರಿಪ್ಟ್‌ನಲ್ಲೇ ಇರಲಿ.